‘ಎನ್‌ಸ್ನೇರ್’: ಉರುಲು, ಬಲೆ, ನೇಯ್ಗೆ

ಪದವೊಂದರ ವಾಚ್ಯಾರ್ಥವನ್ನು ಮರೆತರೆ ಅದರ ಲಕ್ಷ್ಯಾರ್ಥವೂ ಸೊರಗುತ್ತದೆ. ಇಂಗ್ಲಿಷಿನ ‘ಎನ್‌ಸ್ನೇರ್’ ಎಂಬ ಕ್ರಿಯಾಪದ ಇದಕ್ಕೊಂದು ನಿದರ್ಶನ. ಇದನ್ನು ‘ಬಲೆಗೆ ಬೀಳಿಸು’ ಎಂದು ಅರ್ಥೈಸಿ ಮುಂದೆ ಸಾಗುವುದುಂಟು. ಈ ಅರ್ಥ ತಪ್ಪಲ್ಲ. ಆದರೆ ಸಾಲದು ಎಂಬುದು ನಮ್ಮ ವಾದ.

‘ಸ್ನೇರ್’ ಎಂದರೆ ಮೂಲತಃ ದಾರದ ಕುಣಿಕೆ, ಉರುಲು. ಬೋನಿನ ಬಾಗಿಲು ತಾನಾಗಿ ಬಿದ್ದು ಮುಚ್ಚಿಕೊಳ್ಳುತ್ತದೆ. ಉರುಲಾದರೋ, ಸಿಕ್ಕಿದ ಪ್ರಾಣಿ ಬಿಡಿಸಿಕೊಳ್ಳಲೆಂದು ಎಳೆದಷ್ಟೂ ಬಿಗಿಯುತ್ತದೆ. ಬೇಟೆಯ ಬಲವೇ ಬೇಡನಿಗೆ ನೆರವಾಗುವ ಈ ವೈಪರೀತ್ಯದಲ್ಲಿಯೇ ಪದದ ಲಾಕ್ಷಣಿಕ ಶಕ್ತಿ ಅಡಗಿದೆ.

1604ರಲ್ಲಿ ಲಂಡನ್ನಿನ ಅರಮನೆಯಲ್ಲಿ ಪ್ರದರ್ಶಿತವಾಗಿ 1622ರಲ್ಲಿ ಮೊದಲು ಅಚ್ಚಾದ ಷೇಕ್ಸ್‌ಪಿಯರನ ‘ಒಥೆಲೊ’ ನಾಟಕವನ್ನು ನೋಡೋಣ. ಎರಡನೆಯ ಅಂಕದಲ್ಲಿ ಕ್ಯಾಸಿಯೊ ಸೌಜನ್ಯದಿಂದ ಡೆಸ್ಡಿಮೋನಳ ಕೈಹಿಡಿದಾಗ, ಆ ಸೌಜನ್ಯವನ್ನೇ ಜೇಡರ ಬಲೆಯಾಗಿಸಿ ಅವನೆಂಬ ನೊಣವನ್ನು ಹಿಡಿಯುವೆನೆಂದು ಇಯಾಗೊ ಸ್ವಗತವಾಗಿ ಆಡಿಕೊಳ್ಳುತ್ತಾನೆ. ಅಲ್ಲಿ ಬಳಕೆಯಾದದ್ದು ಇದೇ ಕ್ರಿಯಾಪದ. ಅದೇ ಅಂಕದ ಕೊನೆಯ ದೃಶ್ಯದಲ್ಲಿ ಡೆಸ್ಡಿಮೋನಳ ಒಳ್ಳೆಯತನದಿಂದಲೇ ಎಲ್ಲರಿಗೂ ಬಲೆ ಹೆಣೆಯುವ ಸಂಕಲ್ಪ ಮಾಡುತ್ತಾನೆ. ಮುಂದೆ ನಡೆಯುವುದು ಉರುಲಿನ ಧರ್ಮದಂತೆಯೇ: ಕ್ಯಾಸಿಯೊನ ಪರವಾಗಿ ಅವಳು ಬೇಡಿಕೊಂಡಷ್ಟೂ ಒಥೆಲೊನ ಸಂಶಯ ಬಿಗಿಯುತ್ತದೆ. ಐದನೆಯ ಅಂಕದಲ್ಲಿ ತನ್ನ ಆತ್ಮವನ್ನೂ ದೇಹವನ್ನೂ ಆತ ಹೀಗೇಕೆ ಸಿಲುಕಿಸಿದನೆಂದು ಕೇಳುವಾಗ ಒಥೆಲೊನ ಬಾಯಿಂದ ಹೊರಡುವುದೂ ಇದೇ ಪದ. ಬೇಡನ ಮಾತು ಬೇಟೆಯ ಬಾಯಿಗೆ ಬಂದಿದೆ. ಇಯಾಗೊನ ಸ್ವಗತವನ್ನು ಒಥೆಲೊ ಕೇಳಿರಲಿಲ್ಲ. ಈ ಪ್ರತಿಧ್ವನಿ ಕೇಳಿಸುವುದು ಪ್ರೇಕ್ಷಕರಿಗೆ ಮಾತ್ರ. ನೊಣದಂಥ ಲಘು ಉಪಮಾನದಿಂದ ಹೊರಟ ಪದ ಆತ್ಮನಾಶವನ್ನು ಹೇಳುವ ಮಟ್ಟಕ್ಕೆ ಏರುತ್ತದೆ.

ಭಾಷಾಂತರಕಾರನ ಸಂಕಟ ಇಲ್ಲಿದೆ. ಮೊದಲ ಕಡೆ ‘ಬಲೆ’, ಕೊನೆಯಲ್ಲಿ ‘ಉರುಲು’ ಎಂದರೆ ಆಯಾ ಸಂದರ್ಭಕ್ಕೆ ಒಪ್ಪಬಹುದು; ಆದರೆ ಪ್ರತಿಧ್ವನಿ ಅಳಿಯುತ್ತದೆ. ‘ಸಿಲುಕಿಸು’ ಎಂಬ ಒಂದೇ ಕ್ರಿಯಾಪದವನ್ನು ಎರಡೂ ಕಡೆ ಉಳಿಸಿಕೊಳ್ಳುವುದು ಮೇಲೆಂದು ನಮ್ಮ ಅಭಿಪ್ರಾಯ. ಬಿಗಿಯುವ ಉರುಲಿನ ಚಿತ್ರವನ್ನು ಅಧ್ಯಾಪಕರು ವಿವರಣೆಯಲ್ಲಿ ತುಂಬಿಕೊಡಬಹುದು.

ಇನ್ನೊಂದು ಸೂಕ್ಷ್ಮವುಂಟು. ಜೇಡರ ಬಲೆಗೆ ಇಯಾಗೊ ಬಳಸಿದ ‘ವೆಬ್’ ಎಂಬ ನಾಮಪದವನ್ನೇ ಒಥೆಲೊ ಮೂರನೆಯ ಅಂಕದಲ್ಲಿ ಕರವಸ್ತ್ರದ ನೇಯ್ಗೆಗೆ ಬಳಸುತ್ತಾನೆ. ಆ ಕರವಸ್ತ್ರವೇ ಮುಂದೆ ಅನರ್ಥಕ್ಕೆ ಸಾಕ್ಷಿಯಾಗುವುದು. ಕನ್ನಡದಲ್ಲಿ ‘ಬಲೆ’ ‘ನೇಯ್ಗೆ’ ಬೇರೆ ಬೇರೆ ಪದಗಳು. ಆದರೂ ಜೇಡ ಬಲೆಯನ್ನು ‘ನೇಯುತ್ತದೆ’ ಎಂಬುದು ನಮ್ಮ ನುಡಿ. ಇಯಾಗೊನ ಬಾಯಲ್ಲಿ ‘ನೇಯ್ದ ಬಲೆ’ ಎಂದರೆ ಕಳೆದುಹೋದ ಸಂಬಂಧ ಮರಳಿ ಕೂಡುತ್ತದೆ. ಮೂಲದಲ್ಲಿ ನಾಮಪದ ಮಾಡಿದ ಕೆಲಸವನ್ನು ಕನ್ನಡದಲ್ಲಿ ಕ್ರಿಯಾಪದ ಮಾಡಬಲ್ಲುದು.