ಕೆಚ್ಚಲು ಒರೆಸುವ ಬಟ್ಟೆ

ಬೆಳಿಗ್ಗೆ ಆರಕ್ಕೆ ಯಾವ ಊರಿನ ಡೇರಿಯ ಮುಂದೆ ನಿಂತರೂ ಕಿವಿಗೆ ಬೀಳುವ ಮಾತು ಎರಡೇ: ‘ಫ್ಯಾಟ್ ಎಷ್ಟು ಬಂತು?’, ‘ಡಿಗ್ರಿ ಯಾಕೆ ಇಳೀತು?’ ಸೆಕ್ರೆಟರಿ ಕ್ಯಾನಿನ ಮುಚ್ಚಳ ತೆಗೆದು ಮೂಸುತ್ತಾರೆ, ಸ್ಯಾಂಪಲ್ ತೆಗೆದು ಮಿಷನ್ನಿಗೆ ಹಿಡಿಯುತ್ತಾರೆ, ಚೀಟಿ ಹೊರಬರುತ್ತದೆ. ಚೀಟಿಯಲ್ಲಿ ಲೀಟರಿದೆ, ಕೊಬ್ಬಿದೆ, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ಇದೆ, ರೂಪಾಯಿ ಇದೆ. ಕರೆಯುವ ಮುಂಚೆ ಕೆಚ್ಚಲು ಒರೆಸಿದ್ದರೇ, ಯಾವ ಬಟ್ಟೆಯಲ್ಲಿ ಒರೆಸಿದ್ದರು ಎಂಬುದಕ್ಕೆ ಅಲ್ಲಿ ಕಾಲಂ ಇಲ್ಲ. ನನ್ನ ತಕರಾರು ಆ ಇಲ್ಲದ ಕಾಲಮ್ಮಿನದು.

ಹಾಲು ಕೆಡಿಸುವ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ಬಿಸಿಗೆ ಸಾಯುವಂಥವು. 72 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ಸೆಕೆಂಡು ಹಿಡಿದರೆ ಅವುಗಳ ಕಥೆ ಮುಗಿಯಿತು. ಪಾಶ್ಚರೀಕರಣ ನಂಬಿರುವುದೇ ಇದನ್ನು. ಬ್ಯಾಸಿಲಸ್, ಕ್ಲಾಸ್ಟ್ರಿಡಿಯಂ ಕುಲದವು ಮಾತ್ರ ಬೇರೆ ಹಟದವು. ಕಷ್ಟಕಾಲ ಬಂತೆಂದರೆ ಬೀಜಾಣುವಾಗಿ ಮುದುಡಿಕೊಂಡು, ಹಗೇವಿನೊಳಗಿನ ರಾಗಿಯ ಹಾಗೆ, ಏನೂ ಬೇಡದೆ ಬಿದ್ದುಕೊಳ್ಳುತ್ತವೆ. ಕುದಿಯುವ ಹಾಲಿನಲ್ಲೂ ಎಷ್ಟೋ ಬೀಜಾಣುಗಳು ಉಳಿದು, ಹಾಲು ಆರುತ್ತಿದ್ದಂತೆ ಮೊಳೆಯುತ್ತವೆ. ಪ್ಯಾಕೆಟ್ ಹಾಲು ಹುಳಿಯಾಗದೆಯೇ ಒಡೆದದ್ದನ್ನು ನೋಡಿದ್ದೀರಲ್ಲ? ಅದು ಅನೇಕ ಸಲ ಬ್ಯಾಸಿಲಸ್ ಸೀರಿಯಸ್‌ನ ಕೈವಾಡ. ಅದರ ಕೆಲವು ತಳಿಗಳಿಗೆ ಫ್ರಿಜ್ಜಿನ ತಂಪಿನಲ್ಲೂ ನಿಧಾನಕ್ಕೆ ಬೆಳೆಯುವುದು ಗೊತ್ತು.

ಈ ಹಟದ ಕಥೆ ಹಳೆಯದು. ವಿಜ್ಞಾನಿ ಜಾನ್ ಟಿಂಡಾಲ್ 1877ರ ಸುಮಾರಿಗೆ ಒಣಹುಲ್ಲು ನೆನೆಸಿದ ನೀರನ್ನು ಎಷ್ಟು ಕುದಿಸಿದರೂ ಮತ್ತೆ ಕೆಡುವುದನ್ನು ಕಂಡು ತಲೆ ಕೆಡಿಸಿಕೊಂಡಿದ್ದ. ಕೊನೆಗೆ ಹೊಳೆದದ್ದು ಸರಳ ಉಪಾಯ: ಕುದಿಸು, ಬೀಜಾಣು ಮೊಳೆಯಲು ಹೊತ್ತು ಕೊಡು, ಮೊಳೆತು ಮೆತ್ತಗಾದಾಗ ಮತ್ತೆ ಕುದಿಸು. ನಮ್ಮ ಅಜ್ಜಿಯರು ಬೆಳಿಗ್ಗೆ ಕಾಯಿಸಿದ ಹಾಲನ್ನು ಸಂಜೆ ಮರುಕಾಯಿಸುತ್ತಿದ್ದುದು ಹೆಚ್ಚುಕಡಿಮೆ ಇದೇ ವಿದ್ಯೆ. ಟಿಂಡಾಲ್‌ನ ಪ್ರಯೋಗದಲ್ಲಿ ನನ್ನ ಕಣ್ಣು ಹೋಗುವುದು ಕುದಿತದ ಕಡೆಗಲ್ಲ, ಹುಲ್ಲಿನ ಕಡೆಗೆ. ಬೀಜಾಣುವಿನ ತವರು ಹುಲ್ಲು, ಮಣ್ಣು, ಸಗಣಿ. ಹಾಲಿಗೆ ಅದು ಬರುವುದು ಹೊರಗಿನಿಂದ, ಮುಖ್ಯವಾಗಿ ಮೊಲೆತೊಟ್ಟಿನ ತುದಿಯಿಂದ.

ಕೊಟ್ಟಿಗೆಯಲ್ಲಿ ಆಗುವುದನ್ನು ಹತ್ತಿರದಿಂದ ನೋಡಿ. ಒಂದು ಬಕೆಟ್ ನೀರು, ಒಂದು ಹಳೆ ಪಂಚೆಯ ತುಂಡು, ನಾಲ್ಕು ಹಸು. ಹಾಲು ಇಳಿಸಲಿ ಎಂದು ಕೆಚ್ಚಲಿಗೆ ನೀರು ಎರಚಿ, ಬಟ್ಟೆಯಲ್ಲಿ ಒಮ್ಮೆ ಸವರಿ, ಬಟ್ಟೆಯನ್ನು ಅದೇ ನೀರಿಗೆ ಎಸೆದು ಕರೆಯಲು ಕೂರುತ್ತಾರೆ. ಮೂರನೆಯ ಹಸುವಿನ ಹೊತ್ತಿಗೆ ಬಕೆಟ್ಟಿನ ನೀರು ಗಂಜಲದ ಬಣ್ಣಕ್ಕೆ ತಿರುಗಿರುತ್ತದೆ. ಒದ್ದೆ ಕೆಚ್ಚಲಿನಿಂದ ಇಳಿದ ಹನಿ ತೊಟ್ಟಿನ ತುದಿಯಲ್ಲಿ ಒಂದು ಗಳಿಗೆ ನಿಂತು, ಹಾಲಿನ ಧಾರೆಯ ಜೊತೆಗೇ ಬಕೆಟ್ಟಿಗೆ ಬೀಳುತ್ತದೆ. ತೊಳೆದೆವು ಎಂಬ ಸಮಾಧಾನ ಮನೆಯವರಿಗೆ, ಬೀಜಾಣುವಿಗೆ ಸವಾರಿ.

ಇದನ್ನು ಅಳೆದು ನೋಡಿದವರಿದ್ದಾರೆ. 2006ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನವೊಂದರಲ್ಲಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಆಮೇಲೆ ಒಣ ಕಾಗದದಲ್ಲಿ ಒತ್ತಿ ಒಣಗಿಸಿದಾಗ ಹಾಲಿನ ಬೀಜಾಣುಗಳು ಶೇ. 96ರಷ್ಟು ಇಳಿದವು. ಹಸುವೊಂದಕ್ಕೆ ಹಿಡಿದದ್ದು 20 ಸೆಕೆಂಡು. 2020ರಲ್ಲಿ ನ್ಯೂಯಾರ್ಕ್ ರಾಜ್ಯದ ಐದು ಫಾರ್ಮುಗಳಲ್ಲಿ, ಕರೆಯುವವರಿಗೆ ತೊಟ್ಟಿನ ತುದಿ ಒರೆಸುವ ತರಬೇತಿ ಕೊಟ್ಟು, ಟವೆಲ್ಲುಗಳನ್ನು ಡಿಟರ್ಜೆಂಟ್ ಮತ್ತು ಬ್ಲೀಚಿನಲ್ಲಿ ಒಗೆದು ಪೂರ್ತಿ ಒಣಗಿಸಿ ಬಳಸಿದರು. ಟ್ಯಾಂಕಿನ ಹಾಲಿನಲ್ಲಿ ಮಧ್ಯಮ ಉಷ್ಣತೆಯಲ್ಲಿ ಬೆಳೆಯುವ ಜಾತಿಯ ಬೀಜಾಣುಗಳು ಶೇ. 37, ಹೆಚ್ಚು ಬಿಸಿ ಬಯಸುವವು ಶೇ. 40 ತಗ್ಗಿದವು. ಪವಾಡವೇನಲ್ಲ. ಫಾರ್ಮು ಐದೇ, ಅಲ್ಲಿ ಕರೆಯುವುದು ಯಂತ್ರ. ಆದರೂ ಈ ಕೆಲಸವನ್ನು ನಾನು ಮೆಚ್ಚುತ್ತೇನೆ. ಹೊಸ ಯಂತ್ರ ಮಾರದೆ, ಒಗೆದ ಬಟ್ಟೆಯನ್ನು ನಂಬಿದ ವಿಜ್ಞಾನ ಇದು. ಎರಡು ಹಸುವಿನ ನಮ್ಮ ಮನೆಗಳಿಗೆ ಇನ್ನೂ ಸುಲಭ. ಕೈಯಲ್ಲಿ ಕರೆಯುವವರ ಕಣ್ಣಿಗೂ ತೊಟ್ಟಿನ ತುದಿಗೂ ಒಂದು ಮೊಳ ದೂರವೂ ಇರುವುದಿಲ್ಲ.

ಮೇವಿನ ಮಾತೂ ಇದೆ. ಇಟಲಿಯ ಪಾರ್ಮಿಜಾನೊ ರೆಜ್ಜಾನೊ ಚೀಸಿಗೆ ಹಾಲು ಕೊಡುವ ಹಸುಗಳಿಗೆ ಸೈಲೇಜ್, ಅಂದರೆ ರಸಮೇವು, ಹಾಕುವುದೇ ನಿಷಿದ್ಧ. ಸೈಲೇಜಿನ ಕ್ಲಾಸ್ಟ್ರಿಡಿಯಂ ಹಾಲಿಗೆ ಸೇರಿದರೆ ತಿಂಗಳುಗಟ್ಟಲೆ ಮಾಗುವ ಚೀಸು ಉಬ್ಬಿ ಬಿರಿಯುತ್ತದೆ. ನಮಗೆ ಅಷ್ಟು ಮಡಿ ಬೇಕಿಲ್ಲ. ಆದರೆ ಮುಸುಕಿನ ಜೋಳದ ರಸಮೇವಿನ ಚೀಲ ತುಂಬಿಸುವಾಗಿನ ಉತ್ಸಾಹ ಅದನ್ನು ಬಿಚ್ಚುವಾಗ ಉಳಿಯುವುದಿಲ್ಲ. ಬೂಷ್ಟು ಹಿಡಿದ ಮೇಲ್ಪದರವನ್ನು ‘ದುಡ್ಡು ಕೊಟ್ಟದ್ದಲ್ವಾ’ ಎಂದು ಹಸುವಿನ ಮುಂದೆಯೇ ಸುರಿಯುತ್ತೇವೆ. ಬೀಜಾಣು ಹೊಟ್ಟೆಯಲ್ಲಿ ಜೀರ್ಣವಾಗದು. ಸಗಣಿಯಲ್ಲಿ ಹೊರಬಂದು, ಮಲಗಿದ ಹಸುವಿನ ಕೆಚ್ಚಲಿಗೆ ಮೆತ್ತಿಕೊಳ್ಳುತ್ತದೆ.

ಊರೂರಿಗೆ ಬಂದ ಬಿಎಂಸಿಗಳ, ಅಂದರೆ ಹಾಲು ತಂಪಾಗಿಸುವ ದೊಡ್ಡ ಟ್ಯಾಂಕುಗಳ ಬಗ್ಗೆ ನನಗೆ ಗೌರವವಿದೆ. ಹಾಲನ್ನು 4 ಡಿಗ್ರಿಗೆ ಇಳಿಸಿ ಎಷ್ಟೋ ಮನೆಗಳ ಹಾಲು ತಿರಸ್ಕಾರವಾಗುವುದನ್ನು ಅವು ತಪ್ಪಿಸಿವೆ. ಆದರೆ ತಂಪು ಬೆಳವಣಿಗೆಯನ್ನು ನಿಧಾನಗೊಳಿಸುತ್ತದೆಯೇ ಹೊರತು ಬಿದ್ದ ಬೀಜಾಣುವನ್ನು ಹೆಕ್ಕಿ ತೆಗೆಯುವುದಿಲ್ಲ. ‘ಟ್ಯಾಂಕಿಗೆ ಬಿದ್ದ ಮೇಲೆ ಎಲ್ಲ ಒಂದೇ’ ಎಂಬ ಉದಾಸೀನ ಕೊಟ್ಟಿಗೆಯವರೆಗೆ ಹಬ್ಬಿದ್ದರೆ ಅದಕ್ಕೆ ರೈತರನ್ನು ಬೈಯುವುದು ಅನ್ಯಾಯ. ದುಡ್ಡು ಬರುವುದು ಕೊಬ್ಬಿಗೆ. ಕೊಬ್ಬಿಗಾಗಿ ಹಿಂಡಿ ಕೊಳ್ಳುತ್ತಾರೆ. ಶುಚಿತ್ವಕ್ಕೆ ಕಾಸಿಲ್ಲ, ಬಟ್ಟೆಗೂ ಕಾಸಿಲ್ಲ.

ಬೀಜಾಣು ಎಣಿಕೆ ಡೇರಿಯ ಮಿಷನ್ನಿನಲ್ಲಿ ಆಗುವಂಥದ್ದಲ್ಲ, ಒಪ್ಪುತ್ತೇನೆ. ಹಾಲನ್ನು 80 ಡಿಗ್ರಿಯಲ್ಲಿ ಹತ್ತು ಹನ್ನೆರಡು ನಿಮಿಷ ಇಟ್ಟು, ಉಳಿದವನ್ನು ತಟ್ಟೆಯಲ್ಲಿ ಬೆಳೆಸಿ ಎಣಿಸಬೇಕು. ಒಂದೆರಡು ದಿನ ಬೇಕು. ದಿನಾ ಮಾಡುವುದು ಬೇಡ. ಒಕ್ಕೂಟಗಳು ತಿಂಗಳಿಗೊಮ್ಮೆ ಸಂಘಕ್ಕೊಂದು ಸ್ಯಾಂಪಲ್ ನೋಡಿ, ಚೆನ್ನಾಗಿದ್ದ ಸಂಘದ ಹಾಲಿಗೆ ಲೀಟರಿಗೆ ನಾಲ್ಕು ಕಾಸು ಹೆಚ್ಚು ಕೊಡಲಿ, ಫಲಿತಾಂಶವನ್ನು ಡೇರಿಯ ಬೋರ್ಡಿನಲ್ಲಿ ಬರೆಸಲಿ. ಅದಕ್ಕೆ ಮುಂಚೆಯೇ ಮನೆಯಲ್ಲಿ ಮಾಡಬಹುದಾದದ್ದು ಇಷ್ಟು: ಹಸುವಿಗೊಂದು ಒಗೆದ ಬಟ್ಟೆ ಇಡಿ, ಒರೆಸಲು ಒಂದು ಕಡೆ, ಒಣಗಿಸಲು ಇನ್ನೊಂದು ಕಡೆ. ತೊಟ್ಟು ಒಣಗಿದ ಮೇಲೆ ಬಕೆಟ್ ಹಿಡಿಯಿರಿ.