ಶ್ರೇಣಿ, ಚಲನೆ ಮತ್ತು ಬೆಟಗೇರಿಯ ಮಗ್ಗ: ಒಂದು ಸಮಾಜಶಾಸ್ತ್ರ ಪರಂಪರೆಯ ಮರುಪರೀಕ್ಷೆ

ಜಾತಿಗಳು ಮೇಲೇರುವ ಮತ್ತು ಕೆಳಗಿಳಿಯುವ ಬಗೆಯನ್ನು ಕುರಿತು ಕರ್ನಾಟಕದಲ್ಲಿ ನಡೆದ ಅಧ್ಯಯನಗಳಲ್ಲಿ ಎಂ.ಎನ್. ಶ್ರೀನಿವಾಸರ ಪರಂಪರೆಗೆ ದೊರೆತಷ್ಟು ಮನ್ನಣೆ ಬೇರೆ ಯಾವುದಕ್ಕೂ ದೊರೆತಿಲ್ಲ. ಕೊಡವರ ಧರ್ಮ ಮತ್ತು ಸಮಾಜವನ್ನು ಕುರಿತು 1952ರಲ್ಲಿ ಅವರು ಪ್ರಕಟಿಸಿದ ಗ್ರಂಥದಿಂದ ‘ಸಂಸ್ಕೃತೀಕರಣ’ ಎಂಬ ಪರಿಕಲ್ಪನೆ ಬಳಕೆಗೆ ಬಂದಿತು. ಕೆಳಗಿನ ಜಾತಿಯೊಂದು ಮೇಲಿನವರ ಆಚಾರ, ಆಹಾರ, ವ್ರತ, ಮದುವೆಯ ಕಟ್ಟಳೆಗಳನ್ನು ತನ್ನದಾಗಿಸಿಕೊಂಡು ಒಂದೆರಡು ತಲೆಮಾರುಗಳಲ್ಲಿ ಹೆಚ್ಚಿನ ಸ್ಥಾನಕ್ಕೆ ಹಕ್ಕು ಹೇಳುವ ಪ್ರಕ್ರಿಯೆಗೆ ಅವರು ಇಟ್ಟ ಹೆಸರದು. ಸಂಖ್ಯೆ, ಭೂಮಿ ಮತ್ತು ರಾಜಕೀಯ ಬಲಗಳಿಂದ ಊರನ್ನು ಹಿಡಿತದಲ್ಲಿಟ್ಟುಕೊಳ್ಳುವ ‘ಪ್ರಬಲ ಜಾತಿ’ಯ ವಿಚಾರ ಅದೇ ದಶಕದ ಮುಂದಿನ ಬರಹಗಳಲ್ಲಿ ಸೇರಿಕೊಂಡಿತು. ಈ ಎರಡರ ಸಹಾಯದಿಂದ ಇಡೀ ನಾಡಿನ ಸಾಮಾಜಿಕ ಚಲನೆಯನ್ನು ವಿವರಿಸಬಹುದೆಂಬ ನಂಬಿಕೆ ವಿಶ್ವವಿದ್ಯಾಲಯಗಳಲ್ಲಿ ಬಹುಕಾಲ ನೆಲೆನಿಂತಿತು.

ಆ ನಂಬಿಕೆಯ ಹಿಂದಿದ್ದ ನೆಲ ಮೈಸೂರು ಸೀಮೆಯ ನೀರಾವರಿ ನೆಲ. ಶ್ರೀನಿವಾಸರು 1948ರಲ್ಲಿ ಕ್ಷೇತ್ರಕಾರ್ಯ ಮಾಡಿದ ‘ರಾಂಪುರ’ ಒಕ್ಕಲಿಗರ ಪ್ರಾಬಲ್ಯವಿದ್ದ ಊರು. ಗದಗ ಸೀಮೆಯ ಎರೆ ಮತ್ತು ಮಸಾರಿ ಹೊಲಗಳ ಇತಿಹಾಸವೇ ಬೇರೆ: ಗದಗ ಮತ್ತು ಮುಂಡರಗಿ ಬ್ರಿಟಿಷರ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿದ್ದರೆ, ಶಿರಹಟ್ಟಿ ಸಾಂಗ್ಲಿ ಸಂಸ್ಥಾನಕ್ಕೂ ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೂ ಸೇರಿದ್ದವು. ನೆರೆಹೊರೆಯ ಹಳ್ಳಿಗಳಲ್ಲಿಯೂ ಯಾರ ಗೌಡಕಿ, ಯಾರ ಕುಲಕರ್ಣಿಕೆ, ಯಾರ ಇನಾಮು ಎಂಬುದನ್ನು ಬೇರೆ ಬೇರೆ ದರಬಾರುಗಳು ತೀರ್ಮಾನಿಸುತ್ತಿದ್ದವು. ಇಲ್ಲಿ ಮೇಲೇರಬೇಕಾದವನು ಯಾರನ್ನು ಅನುಕರಿಸಬೇಕೆಂಬ ಪ್ರಶ್ನೆಗೂ ಒಂದೇ ಉತ್ತರವಿರಲಿಲ್ಲ. ಲಿಂಗಾಯತ ಮಠಗಳ ಪ್ರಭಾವ ದಟ್ಟವಾಗಿದ್ದ ಈ ಭಾಗದಲ್ಲಿ ಬ್ರಾಹ್ಮಣರ ಆಚಾರವೇ ಎಲ್ಲರ ಕಣ್ಣಿನ ಮಾದರಿಯಾಗಿತ್ತೆಂದು ಹೇಳಲು ಆಧಾರ ಸಾಲದು.

ಈ ಕೊರತೆಯನ್ನು ಮೊದಲು ಗಟ್ಟಿಯಾಗಿ ಎತ್ತಿ ತೋರಿದವರಲ್ಲಿ ಕೆ. ಈಶ್ವರನ್ ಮುಖ್ಯರು. ಧಾರವಾಡ ಸೀಮೆಯ ಹಳ್ಳಿಯೊಂದಕ್ಕೆ ‘ಶಿವಪುರ’ವೆಂಬ ಹೆಸರು ಕೊಟ್ಟು 1968ರಲ್ಲಿ ಅವರು ಬರೆದ ಪುಸ್ತಕವೂ ಲಿಂಗಾಯತರನ್ನು ಕುರಿತ 1983ರ ಗ್ರಂಥವೂ, ದೀಕ್ಷೆಯ ಮೂಲಕ ಯಾರನ್ನಾದರೂ ಒಳಗೆ ಕರೆದುಕೊಳ್ಳಬಲ್ಲ ಜನಪರ ಸಮುದಾಯವೊಂದು ಬ್ರಾಹ್ಮಣ ಶ್ರೇಣಿಗೆ ಪ್ರತಿಯಾಗಿ ನಿಂತಿತೆಂಬ ವಾದವನ್ನು ಕಟ್ಟುತ್ತವೆ. ವಾದದಲ್ಲಿ ಹುರುಳಿದೆ, ಅತಿಯೂ ಇದೆ. ಮುಂಬಯಿ ಪ್ರಾಂತ್ಯದ ಜಾತಿಗಳನ್ನು 1920ರ ದಶಕದ ಆರಂಭದಲ್ಲಿ ಪಟ್ಟಿಮಾಡಿದ ಆರ್.ಇ. ಎಂಥೋವೆನ್, ಅಷ್ಟಾವರಣದ ಸಂಸ್ಕಾರವುಳ್ಳ ಪಂಚಮಸಾಲಿಗಳು, ಆ ಸಂಸ್ಕಾರವುಳ್ಳ ಇತರರು, ಅದಿಲ್ಲದವರು ಎಂದು ಲಿಂಗಾಯತರೊಳಗೇ ಮೂರು ತೆರನ ಗುಂಪುಗಳನ್ನು ಗುರುತಿಸಿದ್ದರು. ವಸಾಹತುಶಾಹಿ ಅಧಿಕಾರಿಯ ವರ್ಗೀಕರಣವನ್ನು ಕಣ್ಣುಮುಚ್ಚಿ ನಂಬಬೇಕಾಗಿಲ್ಲ. ಆದರೆ ದೀಕ್ಷೆಯ ಬಾಗಿಲು ತೆರೆದಿದ್ದರೂ ಒಳಗಿನ ಪಂಕ್ತಿಗಳು ಬೇರೆಬೇರೆಯಾಗಿಯೇ ಉಳಿದವೆಂಬುದಕ್ಕೆ ಅದೊಂದು ಸಾಕ್ಷಿ. ಬಾಗಿಲ ಹೊರಗೇ ಉಳಿದ ಮಾದಿಗ, ಹೊಲೆಯ ಕೇರಿಗಳ ವಿಚಾರಕ್ಕೆ ಈಶ್ವರನ್ನರ ಸಿದ್ಧಾಂತದಲ್ಲಿ ಇರಬೇಕಾದಷ್ಟು ಜಾಗವಿಲ್ಲ.

ಎರಡು ಪಂಥಗಳನ್ನೂ ಒಟ್ಟಿಗೆ ಒರೆಗೆ ಹಚ್ಚಲು ಬೆಟಗೇರಿಗಿಂತ ಒಳ್ಳೆಯ ಜಾಗ ಸಿಗಲಾರದು. ಗದಗಕ್ಕೆ ಅಂಟಿಕೊಂಡಿರುವ ಈ ನೇಕಾರರ ಊರಿನಲ್ಲಿ ದೇವಾಂಗರು, ಪದ್ಮಸಾಲಿಗಳು, ಕುರುಹಿನಶೆಟ್ಟಿಗಳು ಒಂದೇ ಕಸುಬನ್ನು ಮಾಡುತ್ತ ಬಂದಿದ್ದಾರೆ. ಕುಣಿಮಗ್ಗದ ಕುಣಿಯಲ್ಲಿ ಕಾಲಿಳಿಸಿ ಕುಳಿತವನ ಮೈಮೇಲೆ ಮಾತ್ರ ವ್ಯತ್ಯಾಸ ಕಾಣುತ್ತದೆ: ಜನಿವಾರ ಧರಿಸುವ ದೇವಾಂಗರೂ ಮಾರ್ಕಂಡೇಯನಿಂದ ವಂಶವನ್ನು ಹೇಳಿಕೊಳ್ಳುವ ಪದ್ಮಸಾಲಿಗಳೂ ಶ್ರೀನಿವಾಸರ ಸಂಸ್ಕೃತೀಕರಣಕ್ಕೆ ಉದಾಹರಣೆಯಾಗಿ ಒದಗಿದರೆ, ಲಿಂಗ ಕಟ್ಟುವ ಕುರುಹಿನಶೆಟ್ಟಿಗಳು ಈಶ್ವರನ್ನರ ಪಕ್ಷಕ್ಕೆ ಸಾಕ್ಷಿ ಹೇಳುತ್ತಾರೆ. ಎರಡೂ ಪಂಥಗಳು ಗೆದ್ದಂತೆ ತೋರುವ ಈ ಓಣಿಯಲ್ಲಿಯೇ ಎರಡೂ ಸೋಲುತ್ತವೆ. ಏಕೆಂದರೆ ನೂಲು ಯಾರ ಮನೆಯಿಂದ ಬರುತ್ತದೆ, ನೇಯ್ದ ಸೀರೆ ಯಾರ ಅಂಗಡಿಗೆ ಹೋಗುತ್ತದೆ, ಮಜೂರಿಯನ್ನು ಗೊತ್ತುಮಾಡುವವರು ಯಾರು ಎಂಬ ಪ್ರಶ್ನೆಗಳಿಗೆ ಜನಿವಾರವಾಗಲಿ ಲಿಂಗವಾಗಲಿ ಉತ್ತರ ಕೊಡುವುದಿಲ್ಲ. ನೂಲು ಕೊಟ್ಟು ಸೀರೆ ಒಯ್ಯುವ ಸಾವುಕಾರನಿಗೂ ಮಜೂರಿಗೆ ನೇಯುವವನಿಗೂ ನಡುವಿನ ಅಂತರ ಒಂದೇ ಜಾತಿಯೊಳಗೂ ಇರಬಲ್ಲದು. ಆಚಾರದಲ್ಲಿ ಜಾತಿಯಿಡೀ ಒಂದು ಮೆಟ್ಟಿಲು ಮೇಲೇರಿದಾಗಲೂ ಆ ಅಂತರ ಇದ್ದಲ್ಲಿಯೇ ಇರುತ್ತದೆ.

ಇಂಥದೇ ವಾಗ್ವಾದ ಅದೇ ದಶಕಗಳಲ್ಲಿ ಕೆರಿಬಿಯನ್ ದ್ವೀಪಗಳ ವಿದ್ವಾಂಸರ ನಡುವೆಯೂ ನಡೆದಿತ್ತು. ಟ್ರಿನಿಡಾಡ್‌ನ ಲಾಯ್ಡ್ ಬ್ರಾತ್‌ವೇಟ್ 1953ರ ತಮ್ಮ ಅಧ್ಯಯನದಲ್ಲಿ, ಬಿಳಿಯ ಬಣ್ಣವೇ ಹೆಚ್ಚೆಂಬ ಮೌಲ್ಯವನ್ನು ಎಲ್ಲ ಸ್ತರಗಳೂ ಒಪ್ಪಿಕೊಂಡಿರುವುದರಿಂದಲೇ ಆ ಸಮಾಜ ಒಂದಾಗಿ ನಿಂತಿದೆಯೆಂದರು. ಜಮೈಕಾದ ಎಂ.ಜಿ. ಸ್ಮಿತ್ ಇದನ್ನು ಒಪ್ಪಲಿಲ್ಲ. ಬಿಳಿಯರು, ಮಿಶ್ರವರ್ಣದವರು, ಕರಿಯರು ತಮ್ಮ ತಮ್ಮ ಕುಟುಂಬ ಪದ್ಧತಿ, ಧರ್ಮ, ಶಿಕ್ಷಣಗಳನ್ನು ಬೇರೆಬೇರೆಯಾಗಿ ಇಟ್ಟುಕೊಂಡ ‘ಬಹುಳ ಸಮಾಜ’ ಅದಾಗಿದ್ದು, ಅದನ್ನು ಹಿಡಿದಿಟ್ಟಿರುವುದು ಆಳುವವರ ಅಧಿಕಾರ ಮಾತ್ರ ಎಂಬುದು 1965ರ ಅವರ ಗ್ರಂಥದ ವಾದ. ಎಲ್ಲರೂ ಒಂದೇ ಶಿಖರದತ್ತ ನೋಡುತ್ತಾರೆಂದು ಭಾವಿಸುವ ಶ್ರೀನಿವಾಸರು ಬ್ರಾತ್‌ವೇಟರಿಗೆ ಹತ್ತಿರ. ಜಾತಿಗೊಂದು ಮಠ, ಮಠಕ್ಕೊಬ್ಬ ಗುರು ಇರುವ ಗದಗ ಸೀಮೆಯನ್ನು ಅರ್ಥಮಾಡಿಕೊಳ್ಳಲು ಸ್ಮಿತ್ ಹೆಚ್ಚು ಉಪಯುಕ್ತರು. 1845ರಿಂದ 1917ರವರೆಗೆ ಕರಾರು ಕೂಲಿಗಳಾಗಿ ಟ್ರಿನಿಡಾಡ್‌ಗೆ ಹೋದ ಭಾರತೀಯರಲ್ಲಿ ಜಾತಿಯ ಕಸುಬು ಮತ್ತು ಮೇಲುಕೀಳಿನ ಕಟ್ಟು ಬಹುಮಟ್ಟಿಗೆ ಸಡಿಲವಾದದ್ದೂ ಇಲ್ಲಿ ನೆನಪಿಡತಕ್ಕದ್ದು. ತೋಟದ ಯಜಮಾನನಿಗೆ ಎಲ್ಲರೂ ಕೂಲಿಗಳೇ ಆದಾಗ, ಆಚಾರವನ್ನು ಶ್ರೇಣಿಯನ್ನಾಗಿ ಮಾಡುತ್ತಿದ್ದ ಹೊಲ ಮತ್ತು ಆಯದ ಸಂಬಂಧ ಅಲ್ಲಿರಲಿಲ್ಲ.

ಗದಗ ಸೀಮೆಯಲ್ಲಿ ಆಸ್ತಿಯ ಸಂಬಂಧವನ್ನು ಅಲುಗಿಸಿದ ಪ್ರಯತ್ನಗಳು ಆಚಾರದ ದಾರಿಯಿಂದ ಬರಲಿಲ್ಲ. 1905ರಲ್ಲಿ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಕೃಷಿ ಸಹಕಾರಿ ಪತ್ತಿನ ಸಂಘ ಸಾವುಕಾರನ ಬಡ್ಡಿಗೆ ಎದುರಾಗಿ ನಿಂತಿತು, ಆದರೆ ಅದರ ಮುಖ್ಯ ಫಲಾನುಭವಿ ಹೊಲವಿದ್ದ ರೈತ. 1974ರ ಭೂಸುಧಾರಣಾ ತಿದ್ದುಪಡಿ ಲಾವಣಿಗೆ ಉಳುತ್ತಿದ್ದವನನ್ನು ಒಡೆಯನನ್ನಾಗಿಸಿತು. ಉಳುಮೆಯ ದಾಖಲೆಯೇ ಇಲ್ಲದ ಕೂಲಿಯವನ ಪಾಲಿಗೆ ಅದು ಬಂದದ್ದು ಕಡಿಮೆ. ಗದಗದ ವೀರೇಶ್ವರ ಪುಣ್ಯಾಶ್ರಮದ ದಾರಿ ಇನ್ನೊಂದು. ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು ಮತ್ತು 2010ರಲ್ಲಿ ನಿಧನರಾದ ಪುಟ್ಟರಾಜ ಗವಾಯಿಗಳು ಜಾತಿ ಕೇಳದೆ ಅಂಧ ಹಾಗೂ ಬಡ ಮಕ್ಕಳಿಗೆ ಊಟವಿಟ್ಟು ಸಂಗೀತ ಕಲಿಸಿದರು. ಹಾರ್ಮೋನಿಯಂ, ತಬಲಾ, ಪುರಾಣ ಪ್ರವಚನಗಳು ಎಷ್ಟೋ ಹುಡುಗರಿಗೆ ಬದುಕಿನ ದಾರಿಯಾದವು. ವ್ಯಕ್ತಿ ಏರಿದ, ಜಾತಿ ಏರಲಿಲ್ಲ. ಗುಂಪಿನ ಚಲನೆಯನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡ ಶ್ರೀನಿವಾಸರ ಪರಂಪರೆಗೆ ಇಂಥ ಸಂಸ್ಥೆ ಕಣ್ಣಿಗೆ ಬೀಳದಿರುವುದು ಸಹಜ.

ಎಲ್ಲಕ್ಕಿಂತ ಕಠಿಣವಾದ ಪರೀಕ್ಷೆ ಶಿರಹಟ್ಟಿ ಮತ್ತು ಮುಂಡರಗಿ ಭಾಗದ ಲಂಬಾಣಿ ತಾಂಡಾಗಳದ್ದು. ಹಳೆಯ ಮೈಸೂರಿನ ಲಂಬಾಣಿಗರು ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿದ್ದಾಗ, ಅದೇ ರಾಜ್ಯದ ಧಾರವಾಡ ಜಿಲ್ಲೆಯ ಲಂಬಾಣಿಗರು ಅದರ ಹೊರಗಿದ್ದರು. 1976ರ ಕಾಯಿದೆ ಪ್ರಾದೇಶಿಕ ನಿರ್ಬಂಧವನ್ನು ತೆಗೆದುಹಾಕಿ 1977ರಿಂದ ಜಾರಿಗೆ ಬಂದ ಮೇಲೆ ಮಾತ್ರ ಅವರಿಗೂ ಮೀಸಲಾತಿ ದೊರೆಯಿತು. ತಾಂಡಾದ ಮೊದಲ ಶಿಕ್ಷಕ, ಮೊದಲ ಕಂಡಕ್ಟರ್, ಮೊದಲ ಗುಮಾಸ್ತ ಹುಟ್ಟಿಕೊಳ್ಳಲು ನೆರವಾದದ್ದು ಆ ಪಟ್ಟಿ. ಅವರ ದೇವರಾಗಲಿ ಊಟವಾಗಲಿ ಉಡುಪಾಗಲಿ ಅದಕ್ಕಾಗಿ ಬದಲಾಗಬೇಕಾಗಿರಲಿಲ್ಲ. ಹಾಗಿದ್ದೂ ಬಹುಮಂದಿಯ ಚಲನೆ ಮೇಲಕ್ಕಲ್ಲ, ಹೊರಕ್ಕೆ. ಸುಗ್ಗಿ ಮುಗಿದೊಡನೆ ಗೋವಾಕ್ಕೆ, ಮಂಗಳೂರು ಕಡೆಗೆ ಕಟ್ಟಡದ ಕೆಲಸಕ್ಕೆ ಗುಳೆ ಹೋಗುವ ಕುಟುಂಬ ಮುಂದಿನ ಮಳೆಗೆ ಮರಳುತ್ತದೆ, ಶಾಲೆಯ ಹಾಜರಿ ಪುಸ್ತಕದಲ್ಲಿ ಮಕ್ಕಳ ಹೆಸರಿನ ಮುಂದೆ ತಿಂಗಳುಗಟ್ಟಲೆ ಗೈರುಹಾಜರಿ ಬೀಳುತ್ತದೆ. ‘ರಾಂಪುರ’ವೂ ‘ಶಿವಪುರ’ವೂ ಹಳ್ಳಿಯನ್ನೇ ಅಧ್ಯಯನದ ಘಟಕವನ್ನಾಗಿ ಮಾಡಿಕೊಂಡು, ಅದರ ಗಡಿಯೊಳಗೆ ನೆಲೆನಿಂತ ಮನೆಗಳನ್ನೇ ಸಮಾಜವೆಂದು ಎಣಿಸಿದ ಕೃತಿಗಳು; ಹೆಚ್ಚಿನ ತಾಂಡಾಗಳಾದರೋ ಕಂದಾಯ ಇಲಾಖೆಯ ದಾಖಲೆಯಲ್ಲಿ ಬಹುಕಾಲ ಸ್ವತಂತ್ರ ಗ್ರಾಮಗಳೇ ಆಗಿರಲಿಲ್ಲ, ಮತ್ತು ಸಂಶೋಧಕನು ಮನೆಮನೆಗೆ ಹೋಗಿ ಪಟ್ಟಿಮಾಡುವ ಬೇಸಿಗೆಯಲ್ಲಿ ಅಲ್ಲಿನ ಎಷ್ಟೋ ಬಾಗಿಲುಗಳಿಗೆ ಕೀಲಿ ಬಿದ್ದಿರುತ್ತದೆ.