ಕಾವಲುಗಳ ಒಡಕು ಮತ್ತು ಪ್ರಭೇದನಷ್ಟದ ಗಣನೆ: ಒಂದು ವಿಮರ್ಶೆ

ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಅಮೃತಮಹಲ್ ಕಾವಲುಗಳು ಒಂದು ಕಾಲಕ್ಕೆ ಸೇನೆಯ ಎತ್ತುಗಳಿಗೆಂದು ಮೀಸಲಾಗಿದ್ದ ಹುಲ್ಲುಗಾವಲುಗಳು. ಚಿಕ್ಕದೇವರಾಜ ಒಡೆಯರ ಬೆಣ್ಣೆಚಾವಡಿಯು ಟಿಪ್ಪುವಿನ ಆಳ್ವಿಕೆಯಲ್ಲಿ ಅಮೃತಮಹಲ್ ಎಂಬ ಹೆಸರನ್ನು ಪಡೆಯಿತು. ಸಾಗುವಳಿ, ನೆಡುತೋಪು, ರಸ್ತೆಗಳಿಂದ ಕಾವಲುಗಳು ಇಂದು ತುಂಡುತುಂಡಾಗಿವೆ. ಇದರಿಂದ ಎಷ್ಟು ಜೀವಪ್ರಭೇದಗಳು ನಷ್ಟವಾದುವೆಂದು ಗಣಿಸುವ ಕ್ರಮವನ್ನೇ ನಾವು ಇಲ್ಲಿ ಪರಿಶೀಲಿಸುತ್ತೇವೆ.

ಪ್ರಚಲಿತವಾದ ಕ್ರಮವು 1921ರಲ್ಲಿ ಒಲೋಫ್ ಅರ್ರೇನಿಯಸ್ ನಿರೂಪಿಸಿದ ಕ್ಷೇತ್ರ-ಪ್ರಭೇದ ಸೂತ್ರವನ್ನು ಆಧರಿಸಿದೆ. ಪ್ರಭೇದಗಳ ಸಂಖ್ಯೆಯು ಕ್ಷೇತ್ರದ ಒಂದು ಘಾತಕ್ಕೆ ಅನುಗುಣವಾಗಿರುತ್ತದೆಂಬುದು ಅದರ ಸಾರ. ಘಾತಾಂಕವನ್ನು 0.25 ಎಂದು ಹಿಡಿದರೆ, ಹತ್ತರಲ್ಲಿ ಒಂದು ಪಾಲು ಮಾತ್ರ ಉಳಿದ ನೆಲದಲ್ಲಿ ಶೇಕಡ 44ರಷ್ಟು ಪ್ರಭೇದಗಳು ಹೋಗಬೇಕು, 0.15 ಎಂದು ಹಿಡಿದರೆ ಶೇಕಡ 29. ಘಾತಾಂಕದ ಆಯ್ಕೆಯೊಂದರಿಂದಲೇ ಉತ್ತರವು ಇಷ್ಟು ಬದಲಾಗುವಾಗ, ಅದನ್ನು ಅಳತೆಯೆನ್ನಲು ನಾವು ಹಿಂಜರಿಯುತ್ತೇವೆ.

ಸೂತ್ರವು ಸಮುದ್ರದ ನಡುವಣ ದ್ವೀಪಗಳಿಗೆ ಒಪ್ಪುತ್ತದೆ. ಕಾವಲಿನ ಸುತ್ತ ಇರುವುದು ಸಮುದ್ರವಲ್ಲ, ರಾಗಿಯ ಹೊಲ. ತೋಳವೂ ಕೃಷ್ಣಮೃಗವೂ ಅದನ್ನು ದಾಟಿ ಸಂಚರಿಸಬಲ್ಲವು. ಮೇಲಾಗಿ, ಫಾಂಗ್‌ಲಿಯಾಂಗ್ ಹೆ ಮತ್ತು ಸ್ಟೀಫನ್ ಹಬ್ಬೆಲ್ 2011ರಲ್ಲಿ ತೋರಿಸಿದಂತೆ, ಒಂದು ಪ್ರಭೇದವನ್ನು ಮೊದಲು ಕಾಣಲು ಬೇಕಾದ ನೆಲಕ್ಕಿಂತ ಅದರ ಕೊನೆಯ ಜೀವಿಯನ್ನು ಕಳೆಯಲು ಬೇಕಾದ ನೆಲ ದೊಡ್ಡದು. ಸೂತ್ರವನ್ನು ಹಿಂದುಮುಂದಾಗಿ ಓದಿದರೆ ನಷ್ಟವು ಹೆಚ್ಚಾಗಿ ಕಾಣುತ್ತದೆ. (ಭದ್ರಾ ಜಲಾಶಯದಲ್ಲಿ ನಿಜವಾದ ದ್ವೀಪಗಳೇ ಉಂಟು. ಅಲ್ಲಿ ನದಿ ರೀವಗಳು ಬಂದು ಗೂಡುಮಾಡುತ್ತವೆ. ಸೂತ್ರದಲ್ಲಿ ಇಂಥ ಆಗಮನಕ್ಕೆ ಸ್ಥಾನವಿಲ್ಲ.)

ಹಾಗೆಂದು ನಷ್ಟವು ಅಲ್ಪವೆಂದು ತೀರ್ಮಾನಿಸುವುದು ಇನ್ನೂ ದೊಡ್ಡ ತಪ್ಪು. ಎರೆಭೂತವೆಂಬ ದೊಡ್ಡ ಹಕ್ಕಿಯು ಬಯಲಿನ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಡುತ್ತದೆ. ಅದಕ್ಕೆ ವಿಸ್ತಾರವೂ ನಿಶ್ಶಬ್ದವೂ ಬೇಕು. ಹತ್ತು ತುಂಡುಗಳ ಮೊತ್ತ ಒಂದು ಅಖಂಡ ಕಾವಲಿಗೆ ಸಮನಾದರೂ ಅದರ ಪಾಲಿಗೆ ಎರಡೂ ಒಂದಲ್ಲ. ರಾಣೆಬೆನ್ನೂರಿನ ನಿದರ್ಶನ ನಮ್ಮ ಕಣ್ಣೆದುರಿಗಿದೆ. ಅಲ್ಲಿಯ ಹುಲ್ಲುಬಯಲಿನ ಬಹುಭಾಗದಲ್ಲಿ ನೀಲಗಿರಿ ಮರಗಳನ್ನು ನೆಡಲಾಯಿತು. ನಕ್ಷೆಯಲ್ಲಿ ಅಭಯಾರಣ್ಯದ ವಿಸ್ತೀರ್ಣ ಕುಗ್ಗಲಿಲ್ಲ, ಕೃಷ್ಣಮೃಗಗಳು ಹೆಚ್ಚಿದವು, ಎರೆಭೂತ ಕಣ್ಮರೆಯಾಯಿತು. ವಿಸ್ತೀರ್ಣವನ್ನಷ್ಟೇ ಬಲ್ಲ ಸೂತ್ರವು ಇಲ್ಲಿ ನಷ್ಟವನ್ನು ಸೊನ್ನೆಯೆಂದು ಹೇಳಬೇಕಾಗುತ್ತದೆ!

ಕಂದಾಯದ ದೃಷ್ಟಿಯಲ್ಲಿ ಹುಲ್ಲುಗಾವಲು ಬಂಜರು. ಅದರಲ್ಲಿ ಮರ ನೆಟ್ಟರೆ ಅಭಿವೃದ್ಧಿ. ಗಣನೆಯ ಕ್ರಮವು ಈ ಭ್ರಾಂತಿಗೆ ಬೆಂಬಲ ಕೊಡಬಾರದು. ಕಡೂರು ತಾಲ್ಲೂಕಿನ ಬಾಸೂರು ಕಾವಲು 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ಅದರ ವಿಸ್ತೀರ್ಣ ಸುಮಾರು 7.36 ಚದರ ಕಿಲೋಮೀಟರು. ಅಲ್ಲಿ ಇಂದು ಕೃಷ್ಣಮೃಗ ಇದೆಯೆಂಬುದರಿಂದ ನಾಳೆಯೂ ಇರುವುದೆಂದು ಹೇಳಲಾಗದು. ಆವಾಸ ಹೋದ ಮೇಲೆಯೂ ಪ್ರಭೇದಗಳು ಕೆಲವು ತಲೆಮಾರು ಉಳಿದು ಆಮೇಲೆ ಅಳಿಯುವುದುಂಟು. ಡೇವಿಡ್ ಟಿಲ್ಮನ್ ಮೊದಲಾದವರು 1994ರಲ್ಲಿ ಇದನ್ನು ಅಳಿವಿನ ಋಣವೆಂದು ವಿವರಿಸಿದರು. ಒಂದು ವರ್ಷದ ಎಣಿಕೆಗೆ ಈ ಋಣ ಸಿಕ್ಕುವುದಿಲ್ಲ.

ಆದುದರಿಂದ ಒಟ್ಟು ಸಂಖ್ಯೆಗಿಂತ ಮೊದಲು ಪ್ರಭೇದಗಳ ಹೆಸರು ಬೇಕು. ಕಾವಲು ಕಾವಲಿಗೂ ಹಳೆಯ ಮೋಜಣಿ ನಕ್ಷೆಯ ಗಡಿಯನ್ನು ಇಂದಿನ ಗಡಿಯೊಡನೆ ಹೊಂದಿಸಿ, ನೆಲದ ಮೇಲೆ ಗೂಡುಕಟ್ಟುವ ಹಕ್ಕಿಗಳನ್ನು ಬೇರೆಯಾಗಿಯೂ, ಎಲ್ಲಿಯಾದರೂ ಬಾಳಬಲ್ಲವನ್ನು ಬೇರೆಯಾಗಿಯೂ, ಮಳೆಗಾಲದ ಮೊದಲು ಮತ್ತು ಅನಂತರ ಎಣಿಸಬೇಕು. ಆರಂಭಕ್ಕೆ ಬಾಸೂರಿನ ಕಾವಲನ್ನೂ ಅಜ್ಜಂಪುರದ ಸುತ್ತಣ ಕಾವಲುಗಳನ್ನೂ ಆರಿಸಿಕೊಳ್ಳಬಹುದು.